ಜೂಜುಕಟ್ಟೆಯಿಂದ ಊಟದ ಮೇಜಿಗೆ

1946ರ ಮಾರ್ಚ್ 4ರ ರಾತ್ರಿ, ವಾಷಿಂಗ್ಟನ್ನಿನಿಂದ ಮಿಸೌರಿಯ ಕಡೆಗೆ ಹೊರಟಿದ್ದ ವಿಶೇಷ ರೈಲಿನಲ್ಲಿ ಪೋಕರ್ ಆಟ ನಡೆದಿತ್ತು. ಆಟ ಕರೆದವರು ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್. ಮುಖ್ಯ ಅತಿಥಿ 71 ವರ್ಷದ ವಿನ್‌ಸ್ಟನ್ ಚರ್ಚಿಲ್. ಮರುದಿನ ಫುಲ್ಟನ್ ಎಂಬ ಊರಿನ ಕಾಲೇಜಿನಲ್ಲಿ ‘ಕಬ್ಬಿಣದ ಪರದೆ’ಯ ಭಾಷಣ ಮಾಡಲಿದ್ದ ಚರ್ಚಿಲ್, ಬೋಯರ್ ಯುದ್ಧದ ಕಾಲದಿಂದ ತಮಗೆ ಈ ಆಟ ಗೊತ್ತೆಂದು ಹೇಳಿಕೊಂಡಿದ್ದರು. ಅಷ್ಟು ಕೇಳಿದ್ದೇ ಟ್ರೂಮನ್ ತಮ್ಮವರನ್ನು ಎಚ್ಚರಿಸಿದ್ದರು: ಅಮೆರಿಕದ ಪೋಕರಿನ ಮರ್ಯಾದೆ ನಿಮ್ಮ ಕೈಯಲ್ಲಿದೆ, ಹುಷಾರಾಗಿ ಆಡಿ. ಒಂದು ತಾಸು ಕಳೆಯುವಷ್ಟರಲ್ಲಿ ಚರ್ಚಿಲ್ ಮುಂದಿದ್ದ ಬಿಲ್ಲೆಗಳ ರಾಶಿ ಕರಗಿಹೋಯಿತು. ಅವರು ಎದ್ದು ಹೊರಗೆ ಹೋದ ಸ್ವಲ್ಪ ಹೊತ್ತಿನಲ್ಲಿ ಟ್ರೂಮನ್ ತಮ್ಮ ಕಡೆಯವರನ್ನೇ ಗದರಿಸಿದರು. ಅತಿಥಿಯನ್ನು ಹೀಗೆ ನಡೆಸಿಕೊಳ್ಳುವುದೇ? ಸೇನಾ ಸಹಾಯಕ ಹ್ಯಾರಿ ವಾನ್ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ದೇಶದ ಮಾನಕ್ಕಾಗಿ ಆಡಿ ಎಂದರೆ ಬೆಳಗಾಗುವುದರೊಳಗೆ ಈ ಹಿರಿಯರ ಮೈಮೇಲೆ ಬಟ್ಟೆಯೂ ಉಳಿಯುವುದಿಲ್ಲ, ಅತಿಥಿಯ ಸಂತೋಷಕ್ಕಾಗಿ ಆಡಿ ಎಂದರೆ ಅದೂ ನಮಗೆ ಬರುತ್ತದೆ, ಯಾವುದು ಬೇಕೆಂದು ನೀವೇ ಹೇಳಿ. ಆಮೇಲೆ ಚರ್ಚಿಲ್ ಕೆಲವು ಕೈ ಗೆದ್ದರು, ಕೆಲವು ಸೋತರು. ಆಟ ಮುಗಿದಾಗ ಅವರ ನಷ್ಟ ಸುಮಾರು 250 ಡಾಲರ್. ಆ ಮೇಜಿನಲ್ಲಿ ಕೂತಿದ್ದ ಕ್ಲಾರ್ಕ್ ಕ್ಲಿಫರ್ಡ್ ತಮ್ಮ ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ಬರೆದಿಟ್ಟಿದ್ದಾರೆ.

ಟ್ರೂಮನ್ ಆಟದಲ್ಲಿ ಅಂಥ ಗಟ್ಟಿಗರೇನೂ ಆಗಿರಲಿಲ್ಲ. ಆದರೆ ಆಟ ಕರೆದವರ ಜವಾಬ್ದಾರಿ ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೆಲ್ಲುವವರು ಗೆಲ್ಲಲಿ, ಸೋಲುವವರು ಸೋಲಲಿ, ಆದರೆ ಮುಂದಿನ ಸಲ ಕರೆದಾಗ ಎಲ್ಲರೂ ಬರುವಂತಿರಬೇಕು. ವಾರಕ್ಕೊಮ್ಮೆ ಗೆಳೆಯರು ಒಂದು ಮನೆಯಲ್ಲಿ ಸೇರಿ ಸಣ್ಣ ಪಣಕ್ಕೆ ಪೋಕರ್ ಆಡುವ ಅಮೆರಿಕನ್ನರ ರೂಢಿಯ ಜೀವಾಳ ಇದು. ಪೋಕರಿನ ಇತಿಹಾಸ ಬರೆದವರ ಕಣ್ಣು ಹೆಚ್ಚಾಗಿ ಬಿದ್ದಿರುವುದು ಹಡಗಿನ ಮೋಸಗಾರರ ಮೇಲೆ, ಪಡಖಾನೆಯ ಪಿಸ್ತೂಲುಗಳ ಮೇಲೆ, ಲಾಸ್ ವೇಗಸ್ಸಿನ ದೀಪಗಳ ಮೇಲೆ. ಆಟ ಹುಟ್ಟಿದ್ದು, ದುಡ್ಡು ಮಾಡಿದ್ದು ಅಲ್ಲೆಲ್ಲ ನಿಜ. ಅದಕ್ಕೆ ಮರ್ಯಾದೆ ಕಲಿಸಿದ್ದು ಮಾತ್ರ ಮನೆ. ಪಣದ ಮಿತಿ, ಆಟ ಮುಗಿಯುವ ಹೊತ್ತು, ಸೋತವನಿಗೊಂದು ಆಸರೆ, ನಡುವೆ ಒಂದು ತುತ್ತು ಊಟ, ಇವೆಲ್ಲ ಅಡುಗೆಮನೆಯ ಮೇಜಿನ ಸುತ್ತ ಪಳಗಿದ ಕಟ್ಟಳೆಗಳು.

ಹುಟ್ಟಿದಾಗ ಪೋಕರ್ ಯಾರ ಮನೆಗೂ ಕರೆದುಕೊಳ್ಳುವಂಥ ಆಟವಾಗಿರಲಿಲ್ಲ. ಫ್ರೆಂಚರ ‘ಪೋಕ್’ ಎಂಬ ಆಟ ನ್ಯೂ ಆರ್ಲಿಯನ್ಸಿನಲ್ಲಿ ಅಮೆರಿಕನ್ನರ ಕೈಗೆ ಬಂದು, 19ನೇ ಶತಮಾನದ ಮೊದಲ ದಶಕಗಳಲ್ಲಿ ಮಿಸಿಸಿಪ್ಪಿ ನದಿಯ ಉಗಿ ಹಡಗುಗಳನ್ನೇರಿ ಉತ್ತರಕ್ಕೆ ಹೋಯಿತು. ಆಗ ಕಟ್ಟಿನಲ್ಲಿ ಇದ್ದದ್ದು 20 ಎಲೆ ಮಾತ್ರ: ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ನಾಲ್ವರು ಆಟಗಾರರು, ತಲೆಗೆ ಐದೆಲೆ, ಕಟ್ಟು ಖಾಲಿ. ಜೋ ಕೊವೆಲ್ ಎಂಬ ಇಂಗ್ಲಿಷ್ ನಟ 1829ರ ಡಿಸೆಂಬರಿನಲ್ಲಿ ಲೂಯಿವಿಲ್‌ನಿಂದ ನ್ಯೂ ಆರ್ಲಿಯನ್ಸಿಗೆ ಹೊರಟ ಹಡಗಿನಲ್ಲಿ ಕಂಡ ಆಟವನ್ನು 1844ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ ವರ್ಣಿಸಿದ್ದಾನೆ. ಮಂಜಿನಲ್ಲಿ ಹಡಗು ನೆಲಕ್ಕೆ ತಗುಲಿ ಗದ್ದಲವಾಯಿತು. ಹಸಿರು ಕನ್ನಡಕದ ಆಟಗಾರನೊಬ್ಬ ಆ ಗೊಂದಲದಲ್ಲಿ, ತನಗೆಂದು ಜೋಡಿಸಿಟ್ಟುಕೊಂಡಿದ್ದ ಎಲೆಗಳನ್ನು ಮತ್ತೊಬ್ಬನಿಗೆ ಹಂಚಿಬಿಟ್ಟ. ಪೋಕರಿನ ಬಗ್ಗೆ ಸಿಗುವ ಅತಿ ಹಳೆಯ ವರ್ಣನೆಗಳಲ್ಲಿ ಒಂದಾದ ಇದು ಕೈಚಳಕ ಎಡವಟ್ಟಾದ ಕತೆ!

1843ರಲ್ಲಿ ಜೊನಾಥನ್ ಗ್ರೀನ್ ಎಂಬ ಮಾಜಿ ಜೂಜುಕೋರ ಪಶ್ಚಾತ್ತಾಪಪಟ್ಟು ಬರೆದ ಪುಸ್ತಕದಲ್ಲಿ ಈ ಆಟವನ್ನು ಮೋಸದ ಆಟವೆಂದೇ ಕರೆದ. ಜನರ ಸಿಟ್ಟೂ ಸಣ್ಣದಾಗಿರಲಿಲ್ಲ. 1835ರ ಜುಲೈನಲ್ಲಿ ಮಿಸಿಸಿಪ್ಪಿಯ ವಿಕ್ಸ್‌ಬರ್ಗ್ ಪಟ್ಟಣದವರು ಐವರು ಜೂಜುಕೋರರನ್ನು ವಿಚಾರಣೆಯಿಲ್ಲದೆ ನೇಣಿಗೇರಿಸಿದ್ದರು. ಹಡಗಿನಲ್ಲಿ ಮೋಸ ಅಷ್ಟು ಸಲೀಸಾಗಿ ನಡೆಯಲು ಕಾರಣ ಸರಳ. ಅಲ್ಲಿ ಕೂತವರು ಒಬ್ಬರಿಗೊಬ್ಬರು ಅಪರಿಚಿತರು. ಮುಂದಿನ ಕಟ್ಟೆಯಲ್ಲಿ ಇಳಿದು ಹೋದರೆ ಮತ್ತೆ ಮುಖ ನೋಡುವ ಪ್ರಮೇಯವಿಲ್ಲ. ಮನೆಯಲ್ಲಿ ಹಾಗಲ್ಲ. ಇಂದು ಎದುರು ಕೂತವನು ನಾಳೆ ಅಂಗಡಿಯಲ್ಲಿ ಸಿಗುತ್ತಾನೆ, ಭಾನುವಾರ ಚರ್ಚಿನಲ್ಲಿ ಪಕ್ಕದಲ್ಲೇ ಕೂರುತ್ತಾನೆ, ಮುಂದಿನ ವಾರ ಮತ್ತೆ ಎಲೆ ಹಂಚುತ್ತಾನೆ.

ಆಟವನ್ನು ಮನೆಗಳಿಗೆ ಮುಟ್ಟಿಸಿದವರು ಸೈನಿಕರು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಎರಡೂ ಕಡೆಯ ಶಿಬಿರಗಳಲ್ಲಿ ಸಂಜೆ ಕಳೆಯಲು ಇಸ್ಪೀಟೇ ಗತಿ. ಅಷ್ಟು ಹೊತ್ತಿಗೆ ಕಟ್ಟು 52 ಎಲೆಗೆ ಬೆಳೆದು, ಬೇಡದ ಎಲೆ ಎಸೆದು ಬೇರೆ ಎಲೆ ತೆಗೆದುಕೊಳ್ಳುವ ಅವಕಾಶ ಬಂದಿತ್ತು. ಒಂದೇ ಬಣ್ಣದ ಐದೆಲೆ, ಸಾಲಾಗಿ ಬರುವ ಐದೆಲೆ ಇವಕ್ಕೂ ಬೆಲೆ ಬಂದಿತ್ತು. ಯುದ್ಧ ಮುಗಿಸಿ ಊರಿಗೆ ಮರಳಿದವರು ಆಟವನ್ನೂ ಹೊತ್ತು ತಂದರು. 1870ರ ದಶಕದಲ್ಲಿ ಎಲೆಯ ಮೂಲೆಯಲ್ಲಿ ಅಂಕಿ, ಅಕ್ಷರ ಮುದ್ರಿಸುವ ಪದ್ಧತಿ ಹರಡಿತು. ಅದಕ್ಕೆ ಮುಂಚೆ ಎಲೆಯ ಬೆಲೆ ತಿಳಿಯಲು ಅದನ್ನು ಪೂರ್ತಿ ಬಿಡಿಸಿ ನೋಡಬೇಕಿತ್ತು, ಆಗ ಪಕ್ಕದವನ ಕಣ್ಣಿಗೂ ಬೀಳುತ್ತಿತ್ತು. ಈಗ ಒಂದೇ ಕೈಯಲ್ಲಿ ಒತ್ತಾಗಿ ಹಿಡಿದು ಮೂಲೆ ಸರಿಸಿ ನೋಡಿದರೆ ಸಾಕು. ಸಿನ್ಸಿನಾಟಿಯ ರಸೆಲ್ ಅಂಡ್ ಮಾರ್ಗನ್ ಕಂಪನಿ 1885ರಲ್ಲಿ ‘ಬೈಸಿಕಲ್’ ಎಂಬ ಹೆಸರಿನ ಕಟ್ಟನ್ನು ಮಾರುಕಟ್ಟೆಗೆ ಬಿಟ್ಟಿತು. ಅದು ಈಗಲೂ ಅಮೆರಿಕದ ಮನೆಮನೆಯಲ್ಲಿದೆ. ದಂತ, ಮೂಳೆಯ ದುಬಾರಿ ಬಿಲ್ಲೆಗಳ ಜಾಗಕ್ಕೆ ಮಣ್ಣಿನ ಮಿಶ್ರಣದ ಅಗ್ಗದ ಬಿಲ್ಲೆಗಳು ಬಂದವು. ಒಂದು ಕಟ್ಟು, ಒಂದು ಡಬ್ಬಿ ಬಿಲ್ಲೆ, ಒಂದು ಮೇಜು ಇದ್ದರೆ ಯಾವ ಗುಮಾಸ್ತನೂ ಆಟ ಕರೆಯಬಹುದು ಎಂಬಂತಾಯಿತು.

ಮನೆ ಆಟಕ್ಕಾಗಿಯೇ ಬರೆದಿಟ್ಟ ನಿಯಮಗಳ ಕತೆ ಸ್ವಾರಸ್ಯವಾಗಿದೆ. ರಾಬರ್ಟ್ ಶೆಂಕ್ ಓಹಾಯೋದ ರಾಜಕಾರಣಿ, ಅಂತರ್ಯುದ್ಧದಲ್ಲಿ ಜನರಲ್ ಆಗಿದ್ದು ಬಲಗೈ ಊನ ಮಾಡಿಕೊಂಡವರು. 1871ರಲ್ಲಿ ಬ್ರಿಟನ್ನಿಗೆ ಅಮೆರಿಕದ ರಾಯಭಾರಿಯಾಗಿ ಹೋದರು. ಸಾಮರ್ಸೆಟ್‌ನ ಒಂದು ಗ್ರಾಮೀಣ ಬಂಗಲೆಯಲ್ಲಿ ಅತಿಥಿಯಾಗಿದ್ದಾಗ ಅಲ್ಲಿದ್ದವರಿಗೆ ಪೋಕರ್ ಹೇಳಿಕೊಟ್ಟರು. ಮನೆಯೊಡತಿಗೆ ಆಟ ಹಿಡಿಸಿ, ನಿಯಮಗಳನ್ನು ಬರೆದುಕೊಡಿ ಎಂದು ಕೇಳಿದರಂತೆ. ಶೆಂಕ್ ಬರೆದುಕೊಟ್ಟರು. ಗೆಳೆಯರಿಗಷ್ಟೇ ಎಂದು ಅಚ್ಚಾದ ಆ ಪುಟ್ಟ ಹೊತ್ತಗೆ ಬಾಯಿಂದ ಬಾಯಿಗೆ ಹಬ್ಬಿ ಅಮೆರಿಕಕ್ಕೂ ತಲುಪಿತು. ಒಬ್ಬ ರಾಯಭಾರಿ ಬ್ರಿಟಿಷ್ ಶ್ರೀಮಂತರಿಗೆ ಜೂಜು ಕಲಿಸುವುದೇ ಎಂದು ಸ್ವದೇಶದಲ್ಲಿ ಮೂಗು ಮುರಿದವರಿದ್ದರು. 1876ರಲ್ಲಿ ಶೆಂಕ್ ಹುದ್ದೆ ಬಿಡಬೇಕಾದದ್ದು ಯೂಟಾದ ಬೆಳ್ಳಿ ಗಣಿಯೊಂದರ ಷೇರು ಹಗರಣದಿಂದ. ಪೋಕರಿಗೂ ಅದಕ್ಕೂ ಸಂಬಂಧವಿಲ್ಲ. ಅದೇ 1876ರ ಆಗಸ್ಟ್ 2ರಂದು ಡೆಡ್‌ವುಡ್‌ನ ಪಡಖಾನೆಯಲ್ಲಿ ಪೋಕರ್ ಆಡುತ್ತ ಕೂತಿದ್ದ ವೈಲ್ಡ್ ಬಿಲ್ ಹಿಕಾಕ್‌ನನ್ನು ಹಿಂದಿನಿಂದ ಗುಂಡಿಟ್ಟು ಕೊಂದರು. ಆ ಸಾವಿನ ಬಗ್ಗೆ ಎಷ್ಟೋ ಪುಸ್ತಕ, ಸಿನಿಮಾಗಳು ಬಂದಿವೆ. ಆಟದ ಮುಂದಿನ ಬಾಳು ಹೆಚ್ಚು ಋಣಿಯಾಗಿರುವುದು ಸಾಮರ್ಸೆಟ್‌ನ ಆ ಮನೆಯೊಡತಿಗೆ.

ಬರೆದಿಟ್ಟ ನಿಯಮಗಳಿಗಿಂತ ಮನೆಗಳು ತಾವಾಗಿ ಮಾಡಿಕೊಂಡ ಕಟ್ಟುಪಾಡುಗಳೇ ದೊಡ್ಡವು. ಅವುಗಳಲ್ಲಿ ಮೊದಲನೆಯದು ಪಣದ ಮಿತಿ. ಮಹಾಭಾರತ ಕೇಳಿ ಬೆಳೆದ ಕನ್ನಡಿಗರಿಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಿಲ್ಲ: ಹಸ್ತಿನಾವತಿಯ ಸಭೆಯಲ್ಲಿ ಪಣಕ್ಕೆ ಮಿತಿ ಹಾಕುವವರಿರಲಿಲ್ಲ, ಸಾಕು ಎನ್ನಬೇಕಾದ ಮನೆಯ ಹಿರಿಯರು ಕಣ್ಣಿದ್ದೂ ಇಲ್ಲದೆಯೂ ಸುಮ್ಮನೆ ಕೂತಿದ್ದರು. ಪೋಕರಿನಲ್ಲಿ ಸುಳ್ಳು ಧೈರ್ಯ ತೋರಿಸುವುದು ಆಟದ ಅಂಗ. ಕೈಯಲ್ಲಿ ಏನೂ ಇಲ್ಲದವನು ಪಣ ಏರಿಸಿ ಏರಿಸಿ ಎದುರಾಳಿಯನ್ನು ಹೆದರಿಸಿ ಎಬ್ಬಿಸಬಹುದು. ಮಿತಿಯಿಲ್ಲದಿದ್ದರೆ ಸಿರಿವಂತ ಬಡವನನ್ನು ಬರಿಯ ದುಡ್ಡಿನ ಗಾತ್ರದಿಂದಲೇ ಎಬ್ಬಿಸಿಬಿಡುತ್ತಾನೆ, ಎಲೆಯೇ ಬೇಕಿಲ್ಲ. ಹೀಗಾಗಿ ಒಂದು ಸಲಕ್ಕೆ ಇಷ್ಟೇ ಏರಿಸಬೇಕು, ಒಂದು ಕೈಗೆ ಮೂರೇ ಸಲ ಏರಿಸಬೇಕು ಎಂಬ ಕಟ್ಟಳೆ ಬಂತು. ಮೇಜಿನ ಮೇಲೆ ಇಟ್ಟುಕೊಂಡದ್ದಷ್ಟೇ ಆಟಕ್ಕೆ, ಕಿಸೆಯಿಂದ ನಡುವೆ ತೆಗೆಯುವಂತಿಲ್ಲ ಎಂಬುದು ಇನ್ನೊಂದು. ಎಲೆ ಹಂಚುವ ಸರದಿ ಯಾರದೋ ಆ ಕೈಗೆ ಯಾವ ಬಗೆಯ ಪೋಕರ್ ಎಂದು ಅವರೇ ಆರಿಸಬಹುದು ಎಂಬ ರೂಢಿಯೂ ಮನೆಯ ಆಟಕ್ಕೆ ಒಗ್ಗಿ ಬಂದದ್ದು. ಜೋಕರುಗಳನ್ನು ಮನಬಂದಂತೆ ಹೆಚ್ಚಿಸಿ ಹೊಸ ಹೊಸ ಆಟ ಕಟ್ಟುವ ಈ ಚಪಲವನ್ನು ಜೇಮ್ಸ್ ಥರ್ಬರ್ ಒಂದು ಸಣ್ಣಕತೆಯಲ್ಲಿ ಹಿಡಿದಿದ್ದಾರೆ: ಅಲ್ಲಿ ಔತಣಕ್ಕೆ ಬಂದು ರೇಗಿದ ಅತಿಥಿಯೊಬ್ಬ ಅಲ್ಲೇ ಒಂದು ಆಟ ಸೃಷ್ಟಿಸಿ ಎಲ್ಲರನ್ನೂ ಕಕ್ಕಾಬಿಕ್ಕಿ ಮಾಡುತ್ತಾನೆ.

ಈ ಮೇಜಿನ ಸುತ್ತ ಬಹುಕಾಲ ಗಂಡಸರೇ ಕೂತಿದ್ದರು. 1903ರಿಂದ ಮಿನೆಸೋಟದ ಬ್ರೌನ್ ಅಂಡ್ ಬಿಗ್ಲೊ ಎಂಬ ಜಾಹೀರಾತು ಕಂಪನಿಗಾಗಿ ಕ್ಯಾಸಿಯಸ್ ಮಾರ್ಸೆಲಸ್ ಕೂಲಿಡ್ಜ್ ಬರೆದ ಚಿತ್ರಗಳಲ್ಲಿ ನಾಯಿಗಳು ಮನುಷ್ಯರಂತೆ ಮೇಜಿನ ಸುತ್ತ ಕೂತು ಪೋಕರ್ ಆಡುತ್ತವೆ. ಒಂದರಲ್ಲಿ ಬುಲ್‌ಡಾಗ್ ಕಾಲಿನಿಂದ ಗೆಳೆಯನಿಗೆ ಎಕ್ಕ ದಾಟಿಸುತ್ತಿದೆ. ಇನ್ನೊಂದರಲ್ಲಿ, ಕಾಯಿಲೆ ಬಿದ್ದ ಗೆಳೆಯನ ಬಳಿ ಕೂತಿರಬೇಕೆಂದು ಮನೆಯಲ್ಲಿ ಸುಳ್ಳು ಹೇಳಿ ಬಂದ ಗಂಡು ನಾಯಿಗಳನ್ನು ಹೆಣ್ಣು ನಾಯಿಗಳು ಕೊಡೆ ಹಿಡಿದು ಬಂದು ಸಿಕ್ಕಿಹಾಕಿಸುತ್ತವೆ. ಕ್ಯಾಲೆಂಡರುಗಳ ಮೂಲಕ ಈ ಚಿತ್ರಗಳು ದೇಶವೆಲ್ಲ ತೂಗಿದವು. ಕೂಲಿಡ್ಜ್ 1894ರಲ್ಲೇ ಬರೆದಿದ್ದ ಇಂಥ ಒಂದು ಚಿತ್ರ 2015ರಲ್ಲಿ ಸೋದೆಬಿ ಹರಾಜಿನಲ್ಲಿ 6,58,000 ಡಾಲರಿಗೆ ಹೋಯಿತು. ಚಿತ್ರ ನೋಡಿ ನಕ್ಕವರ ಮನೆಗಳಲ್ಲಿ ಹೆಂಡತಿಗೆ ಆ ರಾತ್ರಿ ಎಂದರೆ ಹೊಗೆ, ಎಂಜಲು ಲೋಟ, ತಡರಾತ್ರಿಯ ಗದ್ದಲ. ಟೆನೆಸ್ಸಿ ವಿಲಿಯಮ್ಸ್ 1947ರ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ನಾಟಕಕ್ಕೆ ಮೊದಲು ಇಟ್ಟುಕೊಂಡಿದ್ದ ಹೆಸರು ‘ದಿ ಪೋಕರ್ ನೈಟ್’. ಅದರ ಮೂರನೇ ದೃಶ್ಯದಲ್ಲಿ ಅಡುಗೆಮನೆಯ ಆಟ ಕುಡಿತಕ್ಕೆ ತಿರುಗಿ, ಬಸುರಿ ಹೆಂಡತಿಯ ಮೇಲೆ ಗಂಡ ಕೈಮಾಡುವಲ್ಲಿಗೆ ಮುಟ್ಟುತ್ತದೆ. ಮನೆಯ ಆಟದ ಇತಿಹಾಸ ಬರೆಯುವವರು ಈ ದೃಶ್ಯವನ್ನು ಬಿಟ್ಟು ಮುಂದೆ ಹೋಗಬಾರದು. ಮನೆ ಯಾರದು ಎಂಬುದನ್ನು ಮರೆತ ಮೇಜು ಅದು.

ಮಿತಿ ಮೀರಿದ ಮೇಜು ಹೇಗೆ ಒಡೆಯುತ್ತದೆ ಎಂಬುದಕ್ಕೆ ನ್ಯೂಯಾರ್ಕಿನ ಥಾನಟಾಪ್ಸಿಸ್ ಕ್ಲಬ್‌ನಷ್ಟು ಒಳ್ಳೆಯ ಉದಾಹರಣೆ ಸಿಗಲಾರದು. ಮೊದಲ ಮಹಾಯುದ್ಧದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಸೈನಿಕರ ಪತ್ರಿಕೆ ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್’ ನಡೆಸುತ್ತಿದ್ದ ಹೆರಾಲ್ಡ್ ರಾಸ್, ಅಲೆಕ್ಸಾಂಡರ್ ವುಲ್‌ಕಾಟ್, ಫ್ರಾಂಕ್ಲಿನ್ ಆಡಮ್ಸ್ ಮುಂತಾದವರು ಅಲ್ಲೇ ಆಟ ಶುರುಮಾಡಿದ್ದರು. ನ್ಯೂಯಾರ್ಕಿಗೆ ಮರಳಿದ ಮೇಲೆ 44ನೇ ಬೀದಿಯ ಅಲ್ಗಾಂಕ್ವಿನ್ ಹೋಟೆಲಿನ ಒಂದು ಕೋಣೆಯಲ್ಲಿ ಪ್ರತಿ ಶನಿವಾರ ಸೇರತೊಡಗಿದರು. ಸಿಂಕ್ಲೇರ್ ಲೂಯಿಸ್‌ನ 1920ರ ಕಾದಂಬರಿ ‘ಮೇನ್ ಸ್ಟ್ರೀಟ್’ನಲ್ಲಿ ಬರುವ ಹೆಂಗಸರ ಅಧ್ಯಯನ ಕೂಟದ ಹೆಸರನ್ನೇ ತಮಾಷೆಗೆ ತಮ್ಮ ಕೂಟಕ್ಕೂ ಇಟ್ಟುಕೊಂಡರು. ನಾಟಕಕಾರ ಜಾರ್ಜ್ ಕಾಫ್‌ಮನ್, ಅಂಕಣಕಾರ ಹೇವುಡ್ ಬ್ರೂನ್, ನಟ ಹಾರ್ಪೊ ಮಾರ್ಕ್ಸ್ ಎಲ್ಲರೂ ಬರುತ್ತಿದ್ದರು. ಹೋಟೆಲಿನ ವ್ಯವಸ್ಥಾಪಕ ಫ್ರಾಂಕ್ ಕೇಸ್ ಅವರಿಗೆ ಜಾಗ ಕೊಟ್ಟು ಸಾಕಿದರು. ಮನೆಯಲ್ಲದಿದ್ದರೂ ಅದು ಮನೆಯಂಥದೇ ಕೂಟ: ಅದೇ ಮುಖಗಳು, ಅದೇ ವಾರ, ಎಲೆಗಳಿಗಿಂತ ಮಾತು ಹೆಚ್ಚು. ಯೀಸ್ಟ್ ವ್ಯಾಪಾರದ ಸಿರಿವಂತ ಮನೆತನದ ರಾವುಲ್ ಫ್ಲೈಶ್‌ಮನ್‌ಗೆ ಹೆರಾಲ್ಡ್ ರಾಸ್‌ನ ಪರಿಚಯ ಬಲಿತದ್ದು ಈ ವಲಯದಲ್ಲೇ. ಫ್ಲೈಶ್‌ಮನ್ ಕೊಟ್ಟ ಬಂಡವಾಳದಿಂದ 1925ರ ಫೆಬ್ರುವರಿ 21ರಂದು ‘ದಿ ನ್ಯೂಯಾರ್ಕರ್’ ವಾರಪತ್ರಿಕೆ ಹೊರಬಂತು. ಇಸ್ಪೀಟಿನ ಗೆಳೆತನ ಒಂದು ಸಾಹಿತ್ಯ ಪರಂಪರೆಗೆ ನೀರೆರೆದದ್ದು ಸಣ್ಣ ಸಂಗತಿಯಲ್ಲ.

ಆದರೆ ಹೊತ್ತು ಕಳೆದಂತೆ ದೊಡ್ಡ ಹಣವಂತರು ಮೇಜಿಗೆ ಬಂದರು, ಪಣ ಏರಿತು. ಸಂಬಳದ ಮೇಲೆ ಬದುಕುವ ಪತ್ರಕರ್ತರು ಆ ವೇಗಕ್ಕೆ ಓಡಲಾಗದೆ ಒಬ್ಬೊಬ್ಬರಾಗಿ ಹಿಂದೆ ಸರಿದರು. ರಾಸ್ ಒಂದು ರಾತ್ರಿ ಕಳೆದುಕೊಂಡ ಮೊತ್ತ ತೀರಿಸಲು ಬಹಳ ದಿನ ಒದ್ದಾಡಬೇಕಾಯಿತು. ಮೇಜಿನ ಮಾತು ಸತ್ತಿತು, ಕೂಟ ಚದುರಿತು. ಮೊದಲ ವರ್ಷಗಳ ಪಣವನ್ನು ಅಲ್ಲೇ ಕಟ್ಟಿ ನಿಲ್ಲಿಸುವ ಗಟ್ಟಿ ದನಿಯೊಂದು ಆ ಕೋಣೆಯಲ್ಲಿ ಇರಲಿಲ್ಲ ಎಂಬುದೇ ಅದರ ದುರದೃಷ್ಟ.

ಅದೇ ದಶಕದಲ್ಲಿ ಶ್ವೇತಭವನದಲ್ಲೂ ಆಟ ನಡೆದಿತ್ತು. ಅಧ್ಯಕ್ಷ ವಾರೆನ್ ಹಾರ್ಡಿಂಗ್ ವಾರಕ್ಕೆರಡು ಸಲ ಗೆಳೆಯರನ್ನು ಕೂಡಿಸುತ್ತಿದ್ದರು. ದೇಶಕ್ಕೆಲ್ಲ ಪಾನನಿಷೇಧ ಇದ್ದಾಗ ಆ ಕೋಣೆಯಲ್ಲಿ ವಿಸ್ಕಿ ಹರಿಯುತ್ತಿತ್ತು. ಶ್ವೇತಭವನದ ಪಿಂಗಾಣಿಯನ್ನೇ ಪಣಕ್ಕಿಟ್ಟು ಸೋತರೆಂಬ ಕತೆಯೂ ಉಳಿದಿದೆ. ಅವರ ಮೇಜಿನಲ್ಲಿ ಕೂರುತ್ತಿದ್ದ ಗೃಹ ವ್ಯವಹಾರ ಸಚಿವ ಆಲ್ಬರ್ಟ್ ಫಾಲ್, ಟೀಪಾಟ್ ಡೋಮ್ ತೈಲ ಹಗರಣದಲ್ಲಿ ಲಂಚ ತಿಂದ ತಪ್ಪಿಗೆ 1931ರಲ್ಲಿ ಜೈಲಿಗೆ ಹೋದರು. ಯಾರನ್ನು ಕರೆಯಬೇಕು ಎಂಬುದು ಆಟ ಕರೆಯುವವರ ಮೊದಲ ಕೆಲಸ. ಹಾರ್ಡಿಂಗ್ ಅದರಲ್ಲೇ ಎಡವಿದರು.

ಫ್ರಾಂಕ್ಲಿನ್ ರೂಸ್‌ವೆಲ್ಟರ ಮೇಜು ಹಗುರವಾಗಿತ್ತು. ಸಂಸತ್ತಿನ ಅಧಿವೇಶನ ಮುಗಿಯುವ ರಾತ್ರಿ ಅವರೊಂದು ಆಟ ಇಟ್ಟುಕೊಳ್ಳುತ್ತಿದ್ದರು. ಸಭಾಧ್ಯಕ್ಷರು ಫೋನ್ ಮಾಡಿ ಅಧಿವೇಶನ ಮುಗಿಯಿತೆಂದು ಹೇಳುವ ಹೊತ್ತಿಗೆ ಯಾರು ಮುಂದಿರುತ್ತಾರೋ ಅವರೇ ಗೆದ್ದವರು. ಒಂದು ವರ್ಷ ಹಣಕಾಸು ಸಚಿವ ಹೆನ್ರಿ ಮಾರ್ಗೆಂಥೌ ಬಹಳ ಮುಂದಿದ್ದಾಗಲೇ ಫೋನ್ ಬಂತು. ರೂಸ್‌ವೆಲ್ಟ್ ಬೇರೇನೋ ವಿಷಯ ಎಂಬಂತೆ ಮಾತಾಡಿ ಫೋನ್ ಇಟ್ಟರು. ಆಟ ಮುಂದುವರಿದು ತಾವು ಮುಂದಾದ ಮೇಲೆ, ಆಗಷ್ಟೇ ಕರೆ ಬಂದಂತೆ ನಟಿಸಿ ಗೆದ್ದೆನೆಂದು ಘೋಷಿಸಿದರು. ಮರುದಿನ ಪತ್ರಿಕೆಯಲ್ಲಿ ಅಧಿವೇಶನ ಮುಗಿದ ನಿಜವಾದ ವೇಳೆ ಓದಿದ ಮಾರ್ಗೆಂಥೌ ಸಿಟ್ಟಿನಿಂದ ರಾಜೀನಾಮೆಗೇ ಹೊರಟರಂತೆ. ಸಮಾಧಾನಪಡಿಸಲು ಅಧ್ಯಕ್ಷರೇ ಬೇಕಾಯಿತು. ಮುಗಿಯುವ ಹೊತ್ತನ್ನು ಮೊದಲೇ ಗೊತ್ತುಮಾಡಿ ಅದಕ್ಕೆ ಬದ್ಧವಾಗಿರುವುದು ಎಷ್ಟು ಮುಖ್ಯ ಎಂದು ಈ ಕತೆ ಹೇಳುತ್ತದೆ.

ಟ್ರೂಮನ್ ಬೆಳೆದದ್ದು ಇನ್ನೂ ಸಣ್ಣ ಮೇಜಿನಲ್ಲಿ. 1920ರ ದಶಕದಲ್ಲಿ ಮಿಸೌರಿಯ ಇಂಡಿಪೆಂಡೆನ್ಸ್ ಊರಿನಲ್ಲಿ ‘ಹಾರ್ಪಿ ಕ್ಲಬ್’ ಎಂಬ ಗೆಳೆಯರ ಗುಂಪಿತ್ತು. ಸೋಮವಾರದ ರಾತ್ರಿ ಕೋರ್ಟ್ ಚೌಕದ ಬಳಿಯ ಮಹಡಿಯ ಕೋಣೆಯಲ್ಲಿ ಆಟ. ಪಣದ ಮಿತಿ ಹತ್ತು ಸೆಂಟ್. ಮಾತೆಲ್ಲ ಊರಿನ ರಾಜಕೀಯ. ಅಧ್ಯಕ್ಷರಾದ ಮೇಲೆ ‘ವಿಲಿಯಮ್ಸ್‌ಬರ್ಗ್’ ನೌಕೆಯಲ್ಲಿ ವಾರಾಂತ್ಯ ಕಳೆಯುವಾಗ ಪಣ ದೊಡ್ಡದಾಯಿತು. ಪ್ರತಿಯೊಬ್ಬರೂ 500 ಡಾಲರಿನ ಬಿಲ್ಲೆಗಳಿಂದ ಶುರುಮಾಡಬೇಕು. ಆದರೆ ಅಲ್ಲೂ ಹಳೆಯ ಕಾಳಜಿ ಬಿಡಲಿಲ್ಲ. ಪ್ರತಿ ಕೈಯಲ್ಲಿ ಗುಡ್ಡೆಬಿದ್ದ ದುಡ್ಡಿನ ಹತ್ತನೇ ಒಂದು ಪಾಲನ್ನು ಒಂದು ಬಟ್ಟಲಿಗೆ ಹಾಕುತ್ತಿದ್ದರು. ಅದನ್ನು ಬಡತನದ ಬಟ್ಟಲು ಎಂದೇ ಕರೆಯುತ್ತಿದ್ದರು. ಯಾರಾದರೂ ತಮ್ಮದನ್ನೆಲ್ಲ ಕಳೆದುಕೊಂಡರೆ ಆ ಬಟ್ಟಲಿನಿಂದ 100 ಡಾಲರಿನ ಬಿಲ್ಲೆ ಕೊಟ್ಟು ಮತ್ತೆ ಕೂರಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಫ್ರೆಡ್ ವಿನ್ಸನ್ ಕೂಡ ಆ ಮೇಜಿನವರು. ಸೋತವನು ಮೂಲೆಯಲ್ಲಿ ಒಬ್ಬಂಟಿಯಾಗಿ ಕೂರದಂತೆ ನೋಡಿಕೊಳ್ಳುವ ಈ ಬಟ್ಟಲಿಗಿಂತ ಒಳ್ಳೆಯ ಮನೆ ನಿಯಮ ಪೋಕರಿನ ಚರಿತ್ರೆಯಲ್ಲಿ ಇನ್ನೊಂದಿಲ್ಲ.

ಟ್ರೂಮನ್ ನಂತರ ಅಧ್ಯಕ್ಷರಾದ ಐಸೆನ್‌ಹೋವರ್ ಆ ಹೊತ್ತಿಗೆ ಪೋಕರ್ ಬಿಟ್ಟು ಎಷ್ಟೋ ಕಾಲವಾಗಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ ಮೇರಿಲ್ಯಾಂಡಿನ ಕ್ಯಾಂಪ್ ಮೀಡ್‌ನಲ್ಲಿ ಅವರೂ ಜಾರ್ಜ್ ಪ್ಯಾಟನ್ನರೂ ವಾರಕ್ಕೆರಡು ರಾತ್ರಿ ಆಡುತ್ತಿದ್ದರು. ಐಸೆನ್‌ಹೋವರ್ ನಿಜವಾಗಿ ಪಳಗಿದ ಆಟಗಾರ. ಒಂದು ಸಲ ಸೋತ ಕಿರಿಯ ಅಧಿಕಾರಿಯೊಬ್ಬ ಬಾಕಿ ತೀರಿಸಲು ಸರ್ಕಾರಿ ಬಾಂಡ್‌ಗಳನ್ನು ತಂದುಕೊಟ್ಟ. ಅವು ಗಂಡ ಯುದ್ಧಕ್ಕೆ ಹೋಗಿದ್ದಾಗ ಹೆಂಡತಿ ಪೈಸೆಗೆ ಪೈಸೆ ಕೂಡಿಸಿ ಕೊಂಡಿದ್ದವು ಎಂದು ಆಮೇಲೆ ತಿಳಿಯಿತು. ಐಸೆನ್‌ಹೋವರ್ ಉಳಿದವರೊಂದಿಗೆ ಮಾತಾಡಿಕೊಂಡು, ಅವನಿಗೇ ಗೊತ್ತಾಗದಂತೆ ಹಣ ಮರಳಿ ಗೆಲ್ಲಲು ಬಿಟ್ಟರು. ಬೇಕೆಂದೇ ಸೋಲುವುದು ಗೆಲ್ಲುವುದಕ್ಕಿಂತ ಕಷ್ಟವಾಯಿತೆಂದು ಅವರ ನೆನಪುಗಳಿಂದ ತಿಳಿಯುತ್ತದೆ. ಹಣ ಹಿಂದಿರುಗಿದ ಮೇಲೆ ಸೈನ್ಯದವರ ಜೊತೆ ಪೋಕರ್ ಆಡುವುದನ್ನೇ ನಿಲ್ಲಿಸಿದರು. ಸಂಬಳದವನು ಸೋಲುವುದು ತನ್ನ ದುಡ್ಡನ್ನಲ್ಲ, ಸಂಸಾರದ ದುಡ್ಡನ್ನು ಎಂಬುದು ಅವರ ತೀರ್ಮಾನ.

ಊಟದ ವಿಚಾರಕ್ಕೆ ಬಂದರೆ ನೀಲ್ ಸೈಮನ್ನರ ‘ದಿ ಆಡ್ ಕಪಲ್’ ನಾಟಕವನ್ನೇ ನೆನೆಯಬೇಕು. 1965ರ ಮಾರ್ಚ್ 10ರಂದು ಬ್ರಾಡ್‌ವೇ ರಂಗಕ್ಕೆ ಬಂದ ಈ ನಾಟಕ ತೆರೆದುಕೊಳ್ಳುವುದೇ ಶುಕ್ರವಾರ ರಾತ್ರಿಯ ಪೋಕರಿನಿಂದ. ಆಸ್ಕರ್‌ನ ಮನೆ ಕೊಳಕು, ಫ್ರಿಜ್ ಕೆಟ್ಟಿದೆ, ಅವನು ತಂದಿಡುವ ಸ್ಯಾಂಡ್‌ವಿಚ್ಚಿನ ಬಣ್ಣ ನೋಡಿದರೆ ತಿನ್ನಲು ಧೈರ್ಯ ಬೇಕು. ಆದರೂ ಗೆಳೆಯರು ಬರುತ್ತಲೇ ಇರುತ್ತಾರೆ. ಹೆಂಡತಿಯಿಂದ ದೂರವಾಗಿ ಬಂದ ಫೀಲಿಕ್ಸ್ ಆ ಮನೆ ಸೇರಿ ಎಲ್ಲವನ್ನೂ ಥಳಥಳ ಮಾಡುತ್ತಾನೆ. ರುಚಿಯಾದ ತಿಂಡಿ, ಲೋಟದಡಿಗೆ ಬಿಲ್ಲೆ, ಕ್ರಿಮಿನಾಶಕದಲ್ಲಿ ಒರೆಸಿದ ಇಸ್ಪೀಟು. ಆಗ ಬೇಸತ್ತು ಎದ್ದುಹೋಗುವವನು ಅತಿಥಿ! ನೂರು ಸಲಹೆ ಪುಸ್ತಕ ಹೇಳದ್ದನ್ನು ಈ ಎರಡು ದೃಶ್ಯ ಹೇಳುತ್ತವೆ. ಜನ ಬರುವುದು ಆಟಕ್ಕೂ ಮಾತಿಗೂ. ಎರಡಕ್ಕೂ ಅಡ್ಡ ಬಾರದ ಊಟ ಸಾಕು.

ಸಣ್ಣ ಮೇಜಿನ ಪರಂಪರೆ ಇತ್ತೀಚಿನವರೆಗೂ ರಾಜಕೀಯದಲ್ಲಿ ಉಳಿದು ಬಂದಿದೆ. 1990ರ ದಶಕದ ಕೊನೆಯಲ್ಲಿ ಇಲಿನಾಯ್ ರಾಜ್ಯದ ಸೆನೆಟಿಗೆ ಆರಿಸಿ ಬಂದ ಬರಾಕ್ ಒಬಾಮ, ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸಹ ಸೆನೆಟರ್ ಟೆರಿ ಲಿಂಕ್ ಮನೆಯಲ್ಲಿ ವಾರದ ಆಟ ಶುರುಮಾಡಿದರು. ಹೆಸರು ‘ಸಮಿತಿ ಸಭೆ’. ಆಟ ಹೂಡಲು ಒಂದು ಡಾಲರ್, ಏರಿಸುವ ಮಿತಿ ಮೂರು ಡಾಲರ್. ಎರಡೂ ಪಕ್ಷದ ಸದಸ್ಯರು, ಲಾಬಿ ಮಾಡುವವರು ಎಲ್ಲರೂ ಬರುತ್ತಿದ್ದರು. ಶಿಕಾಗೋದ ಕಾನೂನು ಅಧ್ಯಾಪಕನೆಂದು ದೂರ ನಿಂತು ನೋಡುತ್ತಿದ್ದ ಹಳ್ಳಿಯ ಸೆನೆಟರುಗಳು ಹತ್ತಿರವಾದದ್ದು ಅಲ್ಲೇ.

2003ರಲ್ಲಿ ಎಲ್ಲವೂ ಬದಲಾಯಿತು. ಟೆನೆಸ್ಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್ ಅಂತರ್ಜಾಲದ ಅರ್ಹತಾ ಆಟಕ್ಕೆ ನೂರು ಡಾಲರಿಗೂ ಕಡಿಮೆ ಕೊಟ್ಟು, 10,000 ಡಾಲರ್ ಪ್ರವೇಶ ಶುಲ್ಕದ ವಿಶ್ವ ಸರಣಿಗೆ ಹೋಗಿ, 25 ಲಕ್ಷ ಡಾಲರ್ ಗೆದ್ದ. ಆ ವರ್ಷ 839 ಮಂದಿ ಆಡಿದ್ದ ಪಂದ್ಯದಲ್ಲಿ 2006ರಲ್ಲಿ 8,773 ಮಂದಿ ಆಡಿದರು. ಆಟಗಾರರ ಗುಪ್ತ ಎಲೆಗಳನ್ನು ಟಿವಿಯಲ್ಲಿ ತೋರಿಸುವ ಕ್ಯಾಮೆರಾ ಬಂದದ್ದೂ ಈ ಹುಚ್ಚನ್ನು ಏರಿಸಿತು. ಮನೆಗಳ ಆಟವೂ ಟಿವಿಯ ನಕಲಾಯಿತು. ಹತ್ತು ಬಗೆಯ ಪೋಕರ್ ಆಡುತ್ತಿದ್ದ ಮೇಜುಗಳಲ್ಲಿ ಈಗ ‘ಟೆಕ್ಸಸ್ ಹೋಲ್ಡೆಮ್’ ಒಂದೇ. ಕಪ್ಪು ಕನ್ನಡಕ ಹಾಕಿ ಮೌನವಾಗಿ ಕೂರುವ ಹುಡುಗರು. ಹಂಚುವವರ ಆಯ್ಕೆಯ ಹಳೆಯ ಸ್ವಾತಂತ್ರ್ಯ ಹೋದದ್ದು ನಷ್ಟವೇ ಸರಿ.

ಈ ಹೊಸ ಅಲೆಯೇ ಬೆಂಗಳೂರಿಗೂ ಬಂತು. ಕರ್ನಾಟಕದಲ್ಲಿ ಯುಗಾದಿಯ ಜೂಜು, ದೀಪಾವಳಿಯ ಮೂರೆಲೆ, ಮದುವೆಮನೆಯ ರಾತ್ರಿಯ ರಮ್ಮಿ ಹಳೆಯವು. ಪೋಕರನ್ನು ಮನೆಗೆ ತಂದವರು ಮುಖ್ಯವಾಗಿ ಐಟಿ ಕಾಲದ ಯುವಕರು. ಅದರೊಂದಿಗೆ ಅಮೆರಿಕದ ಹಳೆಯ ಪ್ರಶ್ನೆಯೂ ಬಂತು: ಎಲ್ಲಿಯವರೆಗೆ ಅದು ಗೆಳೆಯರ ಕೂಟ, ಎಲ್ಲಿಂದ ಜೂಜುಕಟ್ಟೆ? ಟೆಕ್ಸಸ್ ರಾಜ್ಯದ ದಂಡಸಂಹಿತೆಯ ಉತ್ತರದಲ್ಲಿ ಮೂರು ಮಾತಿದೆ. ಖಾಸಗಿ ಜಾಗವಾಗಿರಬೇಕು, ಆಡಿ ಗೆದ್ದದ್ದರ ಹೊರತು ಯಾರಿಗೂ ಲಾಭವಾಗಬಾರದು, ಗೆಲ್ಲುವ ಸೋಲುವ ಅವಕಾಶ ಎಲ್ಲರಿಗೂ ಒಂದೇ ಆಗಿರಬೇಕು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯೂ ಜೂಜುಕಟ್ಟೆಯನ್ನು ಗುರುತಿಸುವಾಗ ಮುಖ್ಯವಾಗಿ ಕೇಳುವುದು ಜಾಗದ ಒಡೆಯನಿಗೆ ಅದರಿಂದ ಲಾಭವಿದೆಯೇ ಎಂದು. ಕೌಶಲದ ಆಟಗಳಿಗೆ ಅದು ವಿನಾಯಿತಿಯನ್ನೂ ಕೊಟ್ಟಿದೆ. ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲವೆಂದು ಕರ್ನಾಟಕ ಹೈಕೋರ್ಟ್ 2013ರ ಅಕ್ಟೋಬರಿನಲ್ಲಿ ಹೇಳಿತು. 2021ರಲ್ಲಿ ಸರ್ಕಾರ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಅದೇ ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲದವೂ ಸೇರಿ, ನಿಷೇಧಿಸಿತು.

ಮೊಬೈಲಿನಲ್ಲಿ ಒಬ್ಬಂಟಿಯಾಗಿ ಆಡಿ ಮನೆ ಮಾರಿಕೊಂಡವರ ಸುದ್ದಿ ಓದಿದವರಿಗೆ ಆ ಕಾಯ್ದೆಯ ಕಾರಣ ಅರ್ಥವಾಗುತ್ತದೆ. ಪರದೆಯ ಆಚೆ ಸಾಕು ಎನ್ನುವವರು ಯಾರೂ ಇಲ್ಲ, ಬಡತನದ ಬಟ್ಟಲೂ ಇಲ್ಲ. ಮನೆಯಲ್ಲಿ ಗೆಳೆಯರನ್ನು ಕೂಡಿಸಿ ಎಲೆ ಹಂಚುವವರು ಮೊದಲು ಕಾನೂನು ಏನೆನ್ನುತ್ತದೆ ಎಂದು ತಿಳಿದುಕೊಳ್ಳಲಿ. ದುಡ್ಡಿನ ಬದಲು ಬರಿಯ ಬಿಲ್ಲೆಗೇ ಆಡಿದರೂ ಈ ಆಟದ ಸೊಗಸು ಹೋಗುವುದಿಲ್ಲ. ಹೇಗೆ ಆಡಿದರೂ ಮಿತಿಯನ್ನು, ಮುಗಿಯುವ ಹೊತ್ತನ್ನು ಮೊದಲ ಕೈಗೆ ಮುಂಚೆಯೇ ಎಲ್ಲರೆದುರು ಹೇಳಿಬಿಡಲಿ, ಮನೆಯವರನ್ನೂ ಮೇಜಿಗೆ ಕರೆಯಲಿ, ಮತ್ತು ಆ ರಾತ್ರಿ ಅತಿ ಹೆಚ್ಚು ಸೋತವರಿಗೆ ಊಟ ಹಾಕದೆ ಕಳಿಸದಿರಲಿ.